ಎರಡನೆಯ ಭಾಗದ ಬಾಚಣಿಗೆ

ಮೇ ತಿಂಗಳ ಭಾನುವಾರ. ಬೆಳಿಗ್ಗೆ ಹತ್ತಕ್ಕೇ ಬಳ್ಳಾರಿಯ ಕೋಟೆ ಗುಡ್ಡದ ಕಡೆ ಕಣ್ಣೆತ್ತಿ ನೋಡಲಾಗದಷ್ಟು ಬಿಸಿಲು. ಒಂದೂವರೆ ವರ್ಷ ಕಾದಿದ್ದ ಪುಸ್ತಕ ಹಿಂದಿನ ಸಂಜೆ ಕೈಸೇರಿತ್ತು. ಚೆಲುವಿನ ಹೊಟ್ಟೆಕಿಚ್ಚಿಗೆ ರಾಣಿಯೊಬ್ಬಳು ಹುಡುಗಿಗೆ ವಿಷದ ಸೇಬು ತಿನ್ನಿಸುವ ಸ್ನೋ ವೈಟ್ ಕಥೆಯನ್ನು ಹೊಸದಾಗಿ ಹೇಳುವ ಇಂಗ್ಲಿಷ್ ಕಾದಂಬರಿ, ಮೂರು ಭಾಗಗಳಲ್ಲಿ ಎರಡನೆಯದು.

ಮೊದಲ ಭಾಗ ಓದಿ ನಿಜಕ್ಕೂ ನೊಂದಿದ್ದೆ. ಮಂತ್ರದ ಕಾಡು, ಮಾತನಾಡುವ ಕನ್ನಡಿ, ಕತ್ತಿ ಹಿಡಿದ ರಾಜಕುಮಾರಿ ಎಲ್ಲವೂ ಇತ್ತು. ರಾಣಿ ಏಕೆ ಕೆಟ್ಟವಳಾದಳು ಎಂಬುದೊಂದು ಇರಲಿಲ್ಲ. ಹಳೆಯ ಕಥೆಯನ್ನು ಮತ್ತೆ ಹೇಳಲು ಹೊರಟವರು ಅಷ್ಟನ್ನೂ ಕೇಳಿಕೊಳ್ಳದಿದ್ದರೆ ಹೇಗೆ?

ಈ ಸಲ ಕೇಳಿಕೊಂಡಿದ್ದಾರೆ. ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು 1812ರಲ್ಲಿ ಈ ಕಥೆಯನ್ನು ಅಚ್ಚು ಹಾಕಿಸಿದಾಗ ರಾಣಿ ಆ ಹುಡುಗಿಯ ಹೆತ್ತ ತಾಯಿಯೇ ಆಗಿದ್ದಳು. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಲೇಖಕಿ ಆ ಹಳೆಯ ಎಳೆಯನ್ನೇ ಹಿಡಿದಿದ್ದಾರೆ ಎಂದು ತಿಳಿದಾಗ ಮಲಗಿ ಓದುತ್ತಿದ್ದವಳು ಎದ್ದು ಕುಳಿತೆ.

ಹನ್ನೊಂದಕ್ಕೆ ಕರೆಂಟ್ ಹೋಯಿತು. ಪುಸ್ತಕ ಹಿಡಿದು ಪಡಸಾಲೆಗೆ ಬಂದರೆ ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಡೆಯಲಾಗದೆ ಒಂದು ಪುಟವನ್ನು ಕನ್ನಡದಲ್ಲಿ ಅವಳಿಗೆ ಹೇಳಿದೆ. ಆರು ವರ್ಷದ ಮಗಳ ಕೂದಲು ಸಿಕ್ಕಾಗಿದೆ. ರಾಣಿ ದಾಸಿಯರನ್ನು ಹೊರಗೆ ಕಳಿಸಿ ತಾನೇ ಬಾಚುತ್ತಾಳೆ. ನೋವಾಗದಿರಲೆಂದು ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಒಂದೊಂದೇ ಸಿಕ್ಕು ಬಿಡಿಸುತ್ತಾಳೆ. ಎದುರಿನ ಕನ್ನಡಿಯಲ್ಲಿ ಇಬ್ಬರೂ ಇದ್ದಾರೆ. ಮಗಳು ತಾಯಿಯನ್ನೇ ನೋಡುತ್ತಿದ್ದಾಳೆ. ತಾಯಿ ತನ್ನನ್ನು ನೋಡಿಕೊಳ್ಳುತ್ತಿದ್ದಾಳೆ.

ಅವ್ವನ ಕೈ ನಿಂತಿತು. "ಹೀಗೆ ತಲೆ ಬಾಚಿದವಳು ಆಮೇಲೆ ವಿಷ ಹಾಕುತ್ತಾಳೆಯೇ?" ಎಂದಳು.

ಮೂಲ ಕಥೆಯಲ್ಲಿ ಸೇಬಿಗಿಂತ ಮೊದಲು ಬರುವುದು ವಿಷ ಸವರಿದ ಬಾಚಣಿಗೆ. ಅದು ನನಗೆ ಗೊತ್ತಿದ್ದುದರಿಂದ ಎದೆ ಡವಡವ ಎನ್ನುತ್ತಿತ್ತು. ಇನ್ನು ಈ ಪುಸ್ತಕವನ್ನು ಹಿಡಿಯುವವರಿಲ್ಲ ಎಂದುಕೊಂಡು ಪುಟ ತಿರುಗಿಸಿದೆ. ಸೈನ್ಯ ಬಂತು. ಗಡಿಯಲ್ಲಿ ಯುದ್ಧ, ಇಬ್ಬರು ರಾಜಕುಮಾರರು, ಅವರಲ್ಲಿ ಯಾರನ್ನು ಒಲಿಯಲಿ ಎಂಬ ಹುಡುಗಿಯ ತಳಮಳ. ನೂರೈವತ್ತು ಪುಟ ರಾಣಿಯ ಸುಳಿವೇ ಇಲ್ಲ. ಭಾಷೆ ಮೊದಲಿಗಿಂತ ಹದಗೊಂಡಿದೆ, ಕಾಡಿನ ವರ್ಣನೆಯೂ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಂಥ ಪುಟವನ್ನು ಬರೆಯಬಲ್ಲ ಕೈ ಅದನ್ನು ಅಲ್ಲಿಯೇ ಬಿಟ್ಟು ಹೋಯಿತಲ್ಲ ಎಂಬ ಸಂಕಟ ಮೊದಲ ಭಾಗ ಓದಿದಾಗಿನ ಬೇಸರಕ್ಕಿಂತ ದೊಡ್ಡದಾಗಿತ್ತು. ಆಗ ನಿರೀಕ್ಷೆಯಾದರೂ ಎಲ್ಲಿತ್ತು?

ಸಂಜೆ ಮಿರ್ಚಿ, ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಪುಸ್ತಕ ಮುಗಿಸಿದ್ದೆ. ಪೊಟ್ಟಣ ಬಿಚ್ಚುತ್ತಾ ಅವ್ವ ಕೇಳಿದಳು:

"ಆಮೇಲೆ ಏನಾಯಿತು?"

"ಯುದ್ಧವಾಯಿತು, ಅವ್ವ."

"ಯುದ್ಧ ಇರಲಿ. ಆಕೆ ಆ ಬಾಚಣಿಗೆಯನ್ನು ಎಲ್ಲಿಟ್ಟಳು?"