ಕ್ಯಾರೊಲಿನ್ ಉಳಿಸದೆ ಹೋದ ಹತ್ತು ವರ್ಷ

ಎರಡು ವರ್ಷಗಳಿಂದ ಒಂದು ಕಥೆಯನ್ನು ಬರೆಯುತ್ತಿದ್ದೇನೆ. ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ಅದರ ನಾಯಕಿ ಕ್ಯಾರೊಲಿನ್ ಹರ್ಷೆಲ್. 1750ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಅಣ್ಣನ ಜೊತೆ ಐವತ್ತು ವರ್ಷ ಆಕಾಶ ನೋಡಿ, ಮತ್ತೆ ಹ್ಯಾನೋವರಿಗೆ ಮರಳಿ 1848ರಲ್ಲಿ ತನ್ನ 97ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಖಗೋಳವಿಜ್ಞಾನಿ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. ನಿಜವಾಗಿ ಬದುಕಿದ್ದ ಅಸಾಧಾರಣ ಹೆಣ್ಣೊಬ್ಬಳನ್ನು ಕಥೆಗೆ ತರುವುದು ಸುಲಭವೆಂದು ಆರಂಭದಲ್ಲಿ ನಾನು ನಂಬಿದ್ದೆ. ಘಟನೆಗಳು ಹೇಗೂ ಸಿದ್ಧವಾಗಿವೆ, ನಡುವಿನ ಖಾಲಿ ಜಾಗಗಳನ್ನು ತುಂಬಿದರೆ ಸಾಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಘಟನೆಗಳಿಗೇನೋ ಕೊರತೆಯಿರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಅವಳ ಬೆಳವಣಿಗೆ ನಿಂತುಹೋಯಿತು. ಎತ್ತರ ನಾಲ್ಕು ಅಡಿಗಿಂತ ತುಸು ಹೆಚ್ಚು, ಅಷ್ಟೇ. ಮಗಳು ಮನೆಗೆಲಸಕ್ಕೇ ಹುಟ್ಟಿದವಳು ಎಂದು ತಿಳಿದಿದ್ದ ತಾಯಿಯಿಂದ ಅವಳನ್ನು ಬಿಡಿಸಿಕೊಂಡು ಬರಲು, ಅವಳ ಬದಲಿಗೆ ಆಳನ್ನು ಇಟ್ಟುಕೊಳ್ಳುವಷ್ಟು ಹಣವನ್ನು ಅಣ್ಣ ವಿಲಿಯಂ ಕೊಡಬೇಕಾಯಿತು. 1772ರಲ್ಲಿ ಹೊರಡುವ ಮುನ್ನ ಮನೆಯವರಿಗೆ ಎರಡು ವರ್ಷಕ್ಕಾಗುವಷ್ಟು ಕಾಲುಚೀಲಗಳನ್ನು ಅವಳು ಹೆಣೆದಿಟ್ಟಳು. ಬಾತ್ ಪಟ್ಟಣದಲ್ಲಿ ಅಣ್ಣ ದೂರದರ್ಶಕದ ಕನ್ನಡಿಯನ್ನು ಕೈ ತೆಗೆಯದೆ ಉಜ್ಜುತ್ತಿದ್ದಾಗ ತುತ್ತು ಮಾಡಿ ಅವನ ಬಾಯಿಗಿಟ್ಟವಳು ಅವಳು. ಕನ್ನಡಿಯ ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವರಲ್ಲಿಯೂ ಅವಳಿದ್ದಳು.

ಈ ಹಂತದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡಬೇಕು. 1783ರ ಡಿಸೆಂಬರ್ 31ರ ರಾತ್ರಿ, ನೆಲದ ಮೇಲೆ ಒಂದು ಅಡಿ ಹಿಮ ಬಿದ್ದಿದ್ದಾಗ, ಅಣ್ಣ ಕೂಗಿದನೆಂದು ದೂರದರ್ಶಕದತ್ತ ಓಡಿದ ಕ್ಯಾರೊಲಿನ್ ಜಾರಿ ಬಿದ್ದು ಯಂತ್ರದ ದೊಡ್ಡ ಕೊಕ್ಕೆಯೊಂದು ಅವಳ ಮೊಣಕಾಲಿನ ಮೇಲ್ಭಾಗಕ್ಕೆ ನಾಟಿಕೊಂಡಿತು. ಬಿಡಿಸಿ ಎತ್ತಿದಾಗ ಎರಡು ಔನ್ಸಿನಷ್ಟು ಮಾಂಸ ಕೊಕ್ಕೆಯಲ್ಲೇ ಉಳಿಯಿತು. ಇದನ್ನು ಬರೆಯುವಾಗ ನಾನು ಚೀತ್ಕಾರ, ಹಿಮದ ಮೇಲೆ ರಕ್ತ, ಮೇಲೆ ನಿರ್ಲಿಪ್ತವಾಗಿ ಮಿನುಗುವ ನಕ್ಷತ್ರ ಎಲ್ಲವನ್ನೂ ಧಾರಾಳವಾಗಿ ಸುರಿದಿದ್ದೆ. ಆಮೇಲೆ ಅವಳ ನೆನಪುಗಳನ್ನು ಮತ್ತೊಮ್ಮೆ ಓದಿದರೆ, ಉಳಿದ ರಾತ್ರಿಯೆಲ್ಲ ಮೋಡ ಕವಿದಿದ್ದರಿಂದ ತನ್ನ ಅಪಘಾತದಿಂದ ಅಣ್ಣನಿಗೆ ನಷ್ಟವಾಗಲಿಲ್ಲ, ಅದೊಂದು ಸಮಾಧಾನ ಎಂದು ಅವಳೇ ಬರೆದಿದ್ದಾಳೆ. ನನ್ನ ನಕ್ಷತ್ರಗಳು ಆ ರಾತ್ರಿ ಹೆಚ್ಚು ಹೊತ್ತು ಮಿನುಗಿರಲಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಆ ಒಂದು ಮಾತಿನ ಮುಂದೆ ನನ್ನ ಇಡೀ ಪುಟ ಪೇಲವವಾಗಿತ್ತು. ದಾಖಲೆ ತಾನೇ ಮಾತಾಡುವ ಕಡೆ ಕಥೆಗಾರ ಬಾಯಿ ಮುಚ್ಚಿಕೊಂಡಿರಬೇಕೆಂದು ಆಗ ತಿಳಿಯಿತು.

ದಾಖಲೆಯೇ ಇಲ್ಲದ ಕಡೆ ಏನು ಮಾಡಬೇಕು? 1788ರ ಮೇ ತಿಂಗಳಲ್ಲಿ ವಿಲಿಯಂ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದ. ಹದಿನಾರು ವರ್ಷ ಮನೆ ನಡೆಸಿದ ಕ್ಯಾರೊಲಿನ್ ಬೇರೆ ಬಿಡಾರಕ್ಕೆ ಹೋದಳು. ಅಲ್ಲಿಂದ ಮುಂದಿನ ಸುಮಾರು ಹತ್ತು ವರ್ಷಗಳ ದಿನಚರಿಯನ್ನು ತಾನೇ ನಾಶಮಾಡಿದಳು. ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಆಮಿಷವಿಲ್ಲ. ನಾನಂತೂ ಮೂವತ್ತು ಪುಟ ಬರೆದುಬಿಟ್ಟೆ. ಸಲೀಸಾಗಿ ಬರೆದೆ, ಅನುಮಾನ ಬರುವಷ್ಟು ಸಲೀಸಾಗಿ. ತಿರುಗಿ ಓದಿದಾಗ ಕಾರಣ ಹೊಳೆಯಿತು: ಆ ಪುಟಗಳನ್ನು ಬರೆದದ್ದು ನಾನಲ್ಲ, ‘ಅತ್ತಿಗೆ’, ‘ನಾದಿನಿ’ ಎಂಬ ಎರಡು ಪದಗಳು. ಕನ್ನಡದಲ್ಲಿ ಆ ಎರಡು ಪದಗಳನ್ನು ಒಂದೇ ಮನೆಯೊಳಗೆ ಇಟ್ಟ ಕೂಡಲೇ ಬೀಗದ ಕೈ, ಬಾಗಿಲ ಸಂದಿನ ಕಿವಿ, ಊಟದ ಹೊತ್ತಿನ ಕುಹಕ ಎಲ್ಲವೂ ಕರೆಯದೆ ಬಂದು ಕೂರುತ್ತವೆ. ಅವಳ ಮೌನದೊಳಗೆ ನಾನು ತುಂಬಿದ್ದು ನಮ್ಮ ಹಳೆಯ ಸಂಸಾರದ ಕಥೆಗಳನ್ನು.

ಭಾಷೆ ಒಡ್ಡುವ ತೊಡಕು ಇದೊಂದೇ ಅಲ್ಲ. ತನಗಿಂತ ಹನ್ನೆರಡು ವರ್ಷ ಹಿರಿಯನಾದ ಅಣ್ಣನನ್ನು ಅವಳು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಅವಳ ಬಗ್ಗೆ ನಿರೂಪಕ ಹೇಳುವಾಗ ‘ನೋಡಿದರು’ ಎಂದರೆ ಅದು ಶಾಲೆಯ ಪಾಠವಾಗುತ್ತದೆ, ‘ನೋಡಿದಳು’ ಎಂದರೆ ಸಲಿಗೆ ಹೆಚ್ಚಾಯಿತೇನೋ ಎಂಬ ಅಳುಕು. ನಾನು ‘ನೋಡಿದಳು’ ಎಂಬುದನ್ನೇ ಆರಿಸಿಕೊಂಡೆ. ಗೌರವವಾಚಕ ಬಂದ ಕೂಡಲೇ ನಾಯಕಿ ಪೀಠವೇರಿ ಪ್ರತಿಮೆಯಾಗುತ್ತಾಳೆ, ಪ್ರತಿಮೆಯ ಕಾಲಿಗೆ ಕೊಕ್ಕೆ ನಾಟುವುದಿಲ್ಲ.

ಇಂಥ ಕಥೆಗಳಲ್ಲಿ ನನಗೆ ಹೆಚ್ಚು ಬೇಸರ ತರಿಸುವುದು, ಸಾಧನೆಗೆ ಏನಾದರೊಂದು ಗಾಯವನ್ನೋ ಪ್ರೇಮವನ್ನೋ ಕಾರಣವಾಗಿ ಹುಡುಕುವ ಚಾಳಿ. ಇಂಗ್ಲೆಂಡಿನ ಲೈಮ್ ರೀಜಿಸ್‌ನ ಕಡಲ ದಂಡೆಯಲ್ಲಿ ಪಳೆಯುಳಿಕೆ ಅಗೆಯುತ್ತಿದ್ದ ಮೇರಿ ಆನಿಂಗ್‌ಳಿಗೆ ಅವಳ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಪ್ರಾಚೀನ ಕಡಲ ಸರೀಸೃಪಗಳು ಸಾಲದೆಂಬಂತೆ ಪ್ರೇಮಿಗಳನ್ನು ಒದಗಿಸಲಾಗುತ್ತದೆ. ಚಿತ್ರಕಾರ್ತಿ ಆರ್ಟಿಮಿಸಿಯಾ ಜೆಂಟಿಲೆಸ್ಕಿಯ ವಿಷಯದಲ್ಲಿ ತೊಂದರೆ ಬೇರೆ: ಅವಳ ಮೇಲಾದ ಅತ್ಯಾಚಾರದ ಬಗ್ಗೆ 1612ರಲ್ಲಿ ರೋಮ್‌ನಲ್ಲಿ ನಡೆದ ವಿಚಾರಣೆಯ ಹೇಳಿಕೆಗಳು ಉಳಿದಿರುವುದರಿಂದ ಆಮೇಲಿನ ಅವಳ ದಶಕಗಳ ದುಡಿಮೆಯೆಲ್ಲ ಆ ಒಂದು ವರ್ಷದ ನೆರಳಿಗೆ ಸರಿಯುತ್ತದೆ.

ಇನ್ನೊಂದು ಚಾಳಿ, ಇಂದಿನ ಮಾತನ್ನು ಅಂದಿನವರ ಬಾಯಿಗಿಡುವುದು. ಪಳಗಿಸಿದ ನಾಯಿಮರಿ ಮಾಡುವಷ್ಟನ್ನೇ ತಾನು ಅಣ್ಣನಿಗಾಗಿ ಮಾಡಿದ್ದೆಂದು ಕ್ಯಾರೊಲಿನ್ ಹೇಳಿಕೊಂಡಿದ್ದಾಳೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕಥೆಯಲ್ಲಿ ಅವಳಿಂದ ಒಂದು ದಿಟ್ಟ ಭಾಷಣ ಮಾಡಿಸಬೇಕೆನಿಸುತ್ತದೆ. ಆದರೆ ಇದೇ ಹೆಂಗಸು, ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 50 ಪೌಂಡಿನಂತೆ ಗೊತ್ತುಮಾಡಿದ ಸಂಬಳದ ಮೊದಲ ಕಂತು 1787ರಲ್ಲಿ ಕೈಗೆ ಬಂದಾಗ, ಇದು ತನ್ನಿಷ್ಟದಂತೆ ಖರ್ಚುಮಾಡಬಹುದೆಂದು ಜೀವಮಾನದಲ್ಲಿ ಮೊದಲ ಬಾರಿಗೆ ಅನಿಸಿದ ಹಣ ಎಂದೂ ಬರೆದಳು. ಎರಡೂ ಅವಳ ಮಾತುಗಳೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ಬರೆಯುವವರಿಗೆ ಅನುಕೂಲ, ಅವಳಿಗಲ್ಲ.

ಮೂವತ್ತು ಪುಟಗಳನ್ನು ಹರಿದ ಮೇಲೆ ಮತ್ತೆ ದಿನಾಂಕಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕುಳಿತೆ. ಮೊದಲ ಧೂಮಕೇತು 1786ರ ಆಗಸ್ಟ್ 1. ಎರಡನೆಯದು 1788ರ ಡಿಸೆಂಬರ್ 21, ಅಂದರೆ ಅಣ್ಣನ ಮದುವೆಯಾಗಿ ಏಳು ತಿಂಗಳಿಗೆ. ಎಂಟನೆಯದು 1797ರ ಆಗಸ್ಟ್; ಅದನ್ನು ರಾಜಜ್ಯೋತಿರ್ವಿಜ್ಞಾನಿ ಮ್ಯಾಸ್ಕೆಲಿನ್‌ಗೆ ತಿಳಿಸಲು ಅವಳು ಸ್ಲೌ ಊರಿನಿಂದ ಗ್ರೀನಿಚ್‌ವರೆಗೆ 40 ಕಿಲೋಮೀಟರಿಗೂ ಹೆಚ್ಚು ದೂರ ಕುದುರೆಯ ಮೇಲೆ ಹೋದಳು. ಎಂಟರಲ್ಲಿ ಏಳು ಧೂಮಕೇತುಗಳು ಅವಳು ದಿನಚರಿಯನ್ನು ಉಳಿಸದ ವರ್ಷಗಳವು. ನಾನು ಕಣ್ಣೀರಿನಿಂದ ತುಂಬಿಸಿದ್ದ ರಾತ್ರಿಗಳಲ್ಲಿ ಅವಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ಸೋಸುತ್ತಿದ್ದಳು. ಸಂಕಟವೂ ಇದ್ದಿರಬಹುದು, ಇಲ್ಲದಿದ್ದರೆ ಆ ಹಾಳೆಗಳನ್ನು ಏಕೆ ಇಲ್ಲವಾಗಿಸಬೇಕಿತ್ತು? ಆದರೆ ಮುಂದೆ ಅತ್ತಿಗೆ ಮೇರಿಯೊಡನೆ ಅವಳ ಪತ್ರವ್ಯವಹಾರ ಆತ್ಮೀಯವಾಗಿಯೇ ಇತ್ತು. ತನ್ನ ಕಹಿಯನ್ನು ಯಾರೂ ಓದಬಾರದೆಂದು ಅವಳೇ ತೀರ್ಮಾನಿಸಿದ ಮೇಲೆ, ಅದನ್ನು ಊಹಿಸಿ ಮತ್ತೆ ಬರೆದಿಡುವ ಹಕ್ಕು ನನಗಿದೆಯೆಂದು ಈಗ ಅನಿಸುವುದಿಲ್ಲ.

ಹೊಸ ಅಧ್ಯಾಯ 1788ರ ಆ ಡಿಸೆಂಬರ್ ರಾತ್ರಿಯ ಚಳಿಯಲ್ಲಿ, ದೂರದರ್ಶಕದ ಬಳಿ ಶುರುವಾಗುತ್ತದೆ. ಮೇರಿ ಪಿಟ್ ಅದರಲ್ಲಿ ಒಮ್ಮೆ ಮಾತ್ರ ಬರುತ್ತಾಳೆ: ನಾದಿನಿಯ ಕಣ್ಣಿಗೆ ಬೆಳಕು ಹೊಡೆಯದಿರಲೆಂದು ಕಿಟಕಿಯ ಪಕ್ಕದ ಮೇಣದ ಬತ್ತಿಯನ್ನು ಆರಿಸಿ ಒಳಗೆ ಹೋಗುತ್ತಾಳೆ. ಅದಕ್ಕೆ ದಾಖಲೆಯಿಲ್ಲ, ಅದು ನಾನು ಕಟ್ಟಿದ್ದು.