ಹಸುವಿಗೆ ಎಣ್ಣೆ ಕೊಡುವ ಮೊದಲು

"ಹಾಲಲ್ಲಿ ಫ್ಯಾಟ್ ಬರ್ತಿಲ್ಲ, ಹಿಂಡಿಗೆ ಸ್ವಲ್ಪ ಎಣ್ಣೆ ಕಲಸಿ ಕೊಡ್ಲಾ ಅಕ್ಕ?" ಹೈನು ಸಾಕುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನಾನೂ ಹಸು ಸಾಕುವವಳು. ಕರು ಹಾಕಿದ ಹಸು ದಿನೇ ದಿನೇ ಸೊರಗುವುದನ್ನು ನೋಡುತ್ತಾ ಸುಮ್ನೆ ಕೂರಲು ಆಗುವುದಿಲ್ಲ, ಅದು ಗೊತ್ತು. ಆದರೂ ಹೇಳುತ್ತೇನೆ, ಬೇಡ. ಎಣ್ಣೆ ಸುರಿದರೆ ಹಾಲಿನ ಫ್ಯಾಟ್ ಇನ್ನೂ ಇಳಿಯುವ ಸಾಧ್ಯತೆಯೇ ಹೆಚ್ಚು.

ಯಾಕೆ ಅಂದರೆ, ಹಸು ತಿಂದದ್ದು ಮೊದಲು ಸಿಗುವುದು ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ. ರೂಮೆನ್ ಎನ್ನುವ ಆ ದೊಡ್ಡ ಹೊಟ್ಟೆಯಲ್ಲಿ ಅವು ನಾರನ್ನು ಒಡೆಯುತ್ತವೆ. ಆಗ ಹುಟ್ಟುವ ಅಸಿಟಿಕ್ ಆಮ್ಲವನ್ನು ಬಳಸಿ ಕೆಚ್ಚಲು ಹಾಲಿನ ಕೊಬ್ಬು ತಯಾರಿಸುತ್ತದೆ. ಬಾಟಲಿಯ ಎಣ್ಣೆಯಲ್ಲಿ ಬಹುಪಾಲು ಅಪರ್ಯಾಪ್ತ ಕೊಬ್ಬು, ಅಂದರೆ ಹೈಡ್ರೋಜನ್ ಇನ್ನೂ ಸೇರಬಲ್ಲ ಕೊಬ್ಬು. ನಾರು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಅದು ವಿಷ. ಸಾಲದ್ದಕ್ಕೆ ಮೇವಿನ ಮೇಲೆ ಜಿಡ್ಡಿನ ಪದರ ಕೂತು, ಉಳಿದ ಜೀವಿಗಳಿಗೂ ನಾರು ಕೈಗೆ ಸಿಗುವುದಿಲ್ಲ. ಹುಲ್ಲು ಅರೆಬರೆ ಜೀರ್ಣವಾಗುತ್ತದೆ, ಹಸು ಮೇವು ಬಿಡುತ್ತದೆ, ಸಗಣಿ ತೆಳ್ಳಗಾಗುತ್ತದೆ.

ಇನ್ನೊಂದು ವಿಷಯವಿದೆ. ಈ ವಿಷದಿಂದ ತಪ್ಪಿಸಿಕೊಳ್ಳಲು ಸೂಕ್ಷ್ಮಜೀವಿಗಳು ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅದನ್ನು ಪರ್ಯಾಪ್ತ ಕೊಬ್ಬಾಗಿ ಮಾರ್ಪಡಿಸುತ್ತವೆ. ಹುಲ್ಲು ಕಡಿಮೆ, ಕಾಳಿನ ಹಿಟ್ಟು ಜಾಸ್ತಿ, ಮೇಲೆ ಎಣ್ಣೆ ಬೇರೆ ಎಂದಾಗ ಈ ಕೆಲಸ ಹಳಿ ತಪ್ಪುತ್ತದೆ. ನಡುವೆ ಟ್ರಾನ್ಸ್-10, ಸಿಸ್-12 ಸಿಎಲ್‌ಎ ಎಂಬ ಕೊಬ್ಬಿನ ಆಮ್ಲ ಹುಟ್ಟುತ್ತದೆ. ದಿನಕ್ಕೆ ಕೆಲವೇ ಗ್ರಾಂ ಕರುಳು ತಲುಪಿದರೂ ಸಾಕು, ಕೆಚ್ಚಲಿನಲ್ಲಿ ಕೊಬ್ಬು ತಯಾರಾಗುವುದು ತಗ್ಗುತ್ತದೆ. ಹಾಲಿನ ಲೀಟರು ಸರಿಯಾಗೇ ಇದ್ದು ಫ್ಯಾಟ್ ಮಾತ್ರ ಬಿದ್ದಾಗ ನಾನು ಮೊದಲು ನೋಡುವುದು ಹುಲ್ಲು ಎಷ್ಟು, ಹಿಟ್ಟು ಎಷ್ಟು ಅಂತ.

ಹಾಗಾದರೆ ಕೊಬ್ಬೇ ಬೇಡವಾ? ಬೇಕು. ತೂಕಕ್ಕೆ ತೂಕ ನೋಡಿದರೆ ಪಿಷ್ಟದ ಎರಡೂಕಾಲು ಪಟ್ಟು ಶಕ್ತಿ ಅದರಲ್ಲಿದೆ. ಕರು ಹಾಕಿದ 5ರಿಂದ 8 ವಾರಕ್ಕೆ ಹಾಲು ತುತ್ತತುದಿಗೆ ಏರುತ್ತದೆ, ಹಸುವಿನ ಹಸಿವು ಮಾತ್ರ ಅದಕ್ಕಿಂತ ತಡವಾಗಿ ಏರುತ್ತದೆ. ನಡುವಿನ ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಅದು ಅತಿಯಾದರೆ ಯಕೃತ್ತಿನಲ್ಲಿ ಕೊಬ್ಬು ಕೂರುತ್ತದೆ, ರಕ್ತದಲ್ಲಿ ಗ್ಲೂಕೋಸ್ ಇಳಿದು ಕೀಟೋನ್ ಏರುವ ಕೀಟೋಸಿಸ್ ಕಾಯಿಲೆ ಬರುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಬೇಸಿಗೆಯಲ್ಲೂ ಕೊಬ್ಬು ಉಪಯೋಗಕ್ಕೆ ಬರುತ್ತದೆ, ಯಾಕಂದ್ರೆ ಅದು ಜೀರ್ಣವಾಗುವಾಗ ಮೈಯಲ್ಲಿ ಹುಟ್ಟುವ ಬಿಸಿ ಕಡಿಮೆ.

ಆದರೆ ಆ ಕೊಬ್ಬು ರೂಮೆನ್‌ನಲ್ಲಿ ಯಾರನ್ನೂ ಕೆಣಕದೆ ದಾಟಿ ಹೋಗಬೇಕು. ಬೈಪಾಸ್ ಫ್ಯಾಟ್ ಎಂಬ ಪುಡಿ ಬಂದದ್ದು ಇದಕ್ಕೇ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಒಹಾಯೊದಲ್ಲಿ ಡೊನಾಲ್ಡ್ ಪಾಮ್‌ಕ್ವಿಸ್ಟ್ ಮತ್ತು ಥಾಮಸ್ ಜೆಂಕಿನ್ಸ್ ಕೊಬ್ಬಿನ ಆಮ್ಲವನ್ನು ಕ್ಯಾಲ್ಸಿಯಂ ಜೊತೆ ಕಟ್ಟಿ ಹಸುಗಳಿಗೆ ಕೊಟ್ಟು ನೋಡಿದರು. ರೂಮೆನ್‌ನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಮೇಲಿದ್ದರೆ ಆ ಕಟ್ಟು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮುಂದೆ ನಾಲ್ಕನೇ ಹೊಟ್ಟೆಯ ಹುಳಿಗೆ ಬಿಚ್ಚಿಕೊಂಡು, ಕೊಬ್ಬು ಸಣ್ಣ ಕರುಳಿನಲ್ಲಿ ಮೈಗೆ ಹತ್ತುತ್ತದೆ. ಹಿಟ್ಟು ಜಾಸ್ತಿಯಾಗಿ ರೂಮೆನ್ನೇ ಹುಳಿಯಾದರೆ ಕಟ್ಟು ಅಲ್ಲೇ ಬಿಚ್ಚತೊಡಗುತ್ತದೆ. ಆಗ ದುಬಾರಿ ಪುಡಿಯೂ ಅರ್ಧ ಎಣ್ಣೆಯೇ. ಅದಕ್ಕೇ ಹುಲ್ಲಿನ ಲೆಕ್ಕ ಸರಿಯಾಗದೆ ಬೈಪಾಸ್ ಫ್ಯಾಟ್ ತರಬೇಡಿ ಎಂದು ನಾನು ಹಟ ಹಿಡಿಯುತ್ತೇನೆ.

ಮಾಮೂಲಿ ಮೇವು, ಹಿಂಡಿಯಲ್ಲೇ ಶೇ 2ರಿಂದ 3ರಷ್ಟು ಕೊಬ್ಬು ಇರುತ್ತದೆ. ಒಣತೂಕದ ಲೆಕ್ಕದಲ್ಲಿ ಎಲ್ಲ ಸೇರಿ ಶೇ 6–7 ದಾಟಬಾರದು. ಜಾಸ್ತಿ ಹಾಲು ಕೊಡುವ ಹಸುವಿಗೆ ಬೈಪಾಸ್ ಫ್ಯಾಟ್ ದಿನಕ್ಕೆ 100ರಿಂದ 200 ಗ್ರಾಂ ಸಾಕು. ಕ್ಯಾಲ್ಸಿಯಂ ಕಟ್ಟಿದ ಪುಡಿಯ ವಾಸನೆ ಎಷ್ಟೋ ಹಸುಗಳಿಗೆ ಹಿಡಿಸುವುದಿಲ್ಲ. ನಮ್ಮ ಕಪ್ಪು ಹಸು ಮೊದಲ ದಿನ ಮೂತಿಯನ್ನೇ ತಿರುಗಿಸಿತು. ಒಂದು ಚಿಟಿಕೆಯಿಂದ ಶುರು ಮಾಡಿ ಎರಡು ವಾರದಲ್ಲಿ ಪೂರ್ತಿ ಅಳತೆಗೆ ತಂದೆ, ಆಮೇಲೆ ತಕರಾರಿಲ್ಲದೆ ತಿಂದಿತು.

ಹತ್ತಿಬೀಜ ಇಡಿಯಾಗಿ ಕೊಡುವುದು ನನಗೆ ಇಷ್ಟವಾದ ದಾರಿ. ಅದರಲ್ಲಿ ಎಣ್ಣೆ ಶೇ 20ರ ಹತ್ತಿರ ಇದ್ದರೂ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಜೊತೆಗೆ ನಾರೂ ಸಿಗುತ್ತದೆ. ಎಳೆಗರುಗಳಿಗೆ ಮಾತ್ರ ಬೇಡ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ಅವಕ್ಕೆ ಅಪಾಯ.

ಕೊಬ್ಬು ಮಾಡಲಾಗದ ಕೆಲಸಗಳೂ ಇವೆ. ಸೂಕ್ಷ್ಮಜೀವಿಗಳಿಗೆ ಅದರಿಂದ ಶಕ್ತಿ ಸಿಗುವುದಿಲ್ಲ, ಹಾಗಾಗಿ ಹಾಲಿನ ಪ್ರೋಟೀನು ತುಸು ಇಳಿಯಬಹುದು. ಕೀಟೋಸಿಸ್ ಬಂದುಬಿಟ್ಟ ಹಸುವಿಗೆ ಬೇಕಾದದ್ದು ಗ್ಲೂಕೋಸ್, ಇನ್ನಷ್ಟು ಕೊಬ್ಬಲ್ಲ. ಅಲ್ಲಿ ತಡಮಾಡದೆ ಡಾಕ್ಟರನ್ನು ಕರೆಯಿರಿ.

ನೊರೆ ಕಟ್ಟಿದ ಹೊಟ್ಟೆಯುಬ್ಬರಕ್ಕೆ ಎಣ್ಣೆ ಕೊಡುವುದು ಬೇರೆ ಮಾತು, ಅಲ್ಲಿ ಅದು ನೊರೆ ಒಡೆಯುವ ಔಷಧಿ. ಅದನ್ನೂ ತಲೆ ಎತ್ತಿ ಹಿಡಿದು ಬಾಯಿಗೆ ಸುರಿಯಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಸು ಉಳಿಯುವುದೇ ಕಷ್ಟ.

ಹಸು ಗಬ್ಬ ನಿಂತು ಮೈ ತುಂಬಿಕೊಂಡ ಮೇಲೆ ಬೈಪಾಸ್ ಫ್ಯಾಟ್ ನಿಧಾನಕ್ಕೆ ನಿಲ್ಲಿಸಿ. ಆಮೇಲೂ ಕೊಡುತ್ತಾ ಹೋದರೆ ಹಸು ಬೊಜ್ಜು ಬೆಳೆಸುತ್ತದೆ. ಬೊಜ್ಜು ಬಂದ ಹಸುವಿಗೇ ಮುಂದಿನ ಸೂಲಿನಲ್ಲಿ ಕೀಟೋಸಿಸ್ ಕಾಟ ಜಾಸ್ತಿ.