ಮೆಂಫಿಸ್‌ನ ಹಾಡು, ಮೆಂಫಿಸ್‌ನ ಕಾಗದ

ಅಮೆರಿಕದ ಕಪ್ಪು ಹಾಡುಗಾರ ಓಟಿಸ್ ರೆಡ್ಡಿಂಗ್ ಹಾಡಿದ ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ ಒಮ್ಮೆ ಇಯರ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳ್ರಿ, ಅರ್ಧಕ್ಕ ಬಿಡಬ್ಯಾಡ್ರಿ. ಮೊದಲಿಗೆ ಟ್ರಂಪೆಟ್ಟು ಸ್ಯಾಕ್ಸೋಫೋನು ಮೆಲ್ಲಕ ಊದ್ತಾವ, ಆಮ್ಯಾಲ ಓಟಿಸ್ ಬಂದು ದಣಿದ ಒಬ್ಬ ಹೆಣ್ಮಗಳ ಬಗ್ಗೆ ಹಾಡಾಕ ಶುರು ಮಾಡ್ತಾನ, ಗಂಟಲು ಆಗಲೇ ಒಡದಂಗ ಇರ್ತೈತಿ. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ಅಂಚಿನ ಮ್ಯಾಲ ಕಡ್ಡಿಲೆ ಟಿಕ್ ಟಿಕ್ ಟಿಕ್ ಅಂತ ಬರ್ತೈತಲ್ಲ, ಅದು ಅಲ್ ಜಾಕ್ಸನ್ ಅನ್ನಾಂವಂದು. ಹಾಡು ಇನ್ನೂ ನಿಧಾನ ನಡೀತಿರ್ತೈತಿ ಆದ್ರ ಆ ಟಿಕ್ ಟಿಕ್ ಮಾತ್ರ ಎರಡು ಪಟ್ಟು ವೇಗ, ಮುಂದ ಏನೋ ಆಗೋದೈತಿ ಅಂತ ಅದಕ್ಕೊಂದಕ್ಕ ಗೊತ್ತಿದ್ದಂಗ. ಆಮ್ಯಾಲ ಗಿಟಾರ್ ಬಂತು, ಆರ್ಗನ್ ಬಂತು, ಕಡೀಗೆ ಓಟಿಸ್‌ಗೆ ಶಬ್ದಾನೇ ಸಾಲಲ್ಲ, ಬರೇ ತೊದಲ್ತಾನ, ಕೂಗ್ತಾನ, ಬ್ಯಾಂಡಿನೋರೆಲ್ಲ ಅವನ ಹಿಂದ ಓಡ್ತಾರ. ಹಾಡು ಹಳೇದು, 1930ರ ದಶಕದಾಗ ಬಿಂಗ್ ಕ್ರಾಸ್ಬಿ ಅಂಥೋರು ಮೆತ್ತಗ ಹಾಡಿದ್ದು. 1966ರಾಗ ಅಮೆರಿಕದ ಮೆಂಫಿಸ್ ಊರಾಗ ಇವರು ಅದನ್ನ ಹಿಡಕೊಂಡು ಹಿಂಗ ಮಾಡಿಟ್ರು. ಅಮೆರಿಕದ ದಕ್ಷಿಣದ ಕಪ್ಪು ಜನರ ಈ ಬಗೆಯ ಹಾಡಿಗೆ ಸದರ್ನ್ ಸೋಲ್ ಅಂತಾರ, ಅದು ಏನು ಅಂತ ಯಾರರ ಕೇಳಿದ್ರ ನಾನು ಮಾತಾಡೋದಿಲ್ಲ, ಇದನ್ನ ಹಚ್ಚಿಬಿಡ್ತೀನಿ.

ನಾನಿರೋದು ರಾಯಚೂರಾಗ, ಅಡತಿ ಅಂಗಡ್ಯಾಗ ಲೆಕ್ಕ ಬರಿಯೋದು ನನ್ನ ಕೆಲಸ. ಹತ್ತಿ ಸೀಜನ್ ಬಂತಂದ್ರ ರಾತ್ರಿ ತನಕ ಪಟ್ಟಿ ಬರಿಯೋದು ಇರ್ತೈತಿ, ಹೊರಗ ಟ್ರ್ಯಾಕ್ಟರ್ ಸಾಲು, ಒಳಗ ನಾನು ಮತ್ತ ನನ್ನ ಫೋನು, ಈ ಹಾಡೆಲ್ಲ ನಾನು ಕೇಳಿದ್ದು ಅಲ್ಲೇ. ಕೇಳ್ತಾ ಕೇಳ್ತಾ ಇದು ಎಲ್ಲಿ ಹುಟ್ಟಿದ್ದು ಅಂತ ಓದಿಕೋತ ಹೋದ್ರ ಮೆಂಫಿಸ್ ಅಂದ್ರ ಹತ್ತಿ ಪೇಟೆ! ಮಿಸಿಸಿಪ್ಪಿ ನದಿ ದಂಡಿ ಊರು, ಸುತ್ತಲಿನ ಹತ್ತಿ ಎಲ್ಲ ಅಲ್ಲಿಗೇ ಬರ್ತಿತ್ತು, ಆ ಹತ್ತಿ ಬಿಡಿಸಿದೋರು ಮೊದಲು ಗುಲಾಮರು, ಆಮ್ಯಾಲ ಪಾಲಿಗೆ ಹೊಲ ಮಾಡೋ ಕಪ್ಪು ಜನ. ಅವರ ಮಕ್ಕಳು ಮೊಮ್ಮಕ್ಕಳೇ ಈ ಹಾಡಿನೋರು. ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಹಾಡಿದ ಪರ್ಸಿ ಸ್ಲೆಡ್ಜ್ ಅಲಬಾಮಾದಾಗ ಹತ್ತಿ ಹೊಲದಾಗ ದುಡಿದಾಂವ, ಆಮ್ಯಾಲ ಆಸ್ಪತ್ರ್ಯಾಗ ವಾರ್ಡ್‌ಬಾಯ್ ಆಗಿದ್ದ. 1966ರಾಗ ಆ ಹಾಡು ಅಮೆರಿಕದಾಗ ನಂಬರ್ ಒನ್ ಆತು.

ಇವರೆಲ್ಲ ಹಾಡು ಕಲತಿದ್ದು ಚರ್ಚ್‌ನಾಗ. ನಮ್ಮ ಕಡೆ ಶ್ರಾವಣದಾಗ ಭಜನಿಗೆ ಹೋದ್ರ ಸಿನಿಮಾ ಹಾಡಿನ ಧಾಟಿಗೆ ಹನುಮಪ್ಪನ ಹೆಸರು ಕೂಡಿಸಿ ಹಾಡ್ತಾರಲ್ಲ, ಅಲ್ಲಿ ಅದು ಉಲ್ಟಾ ಆತು, ದೇವರ ಹಾಡಿನ ಧಾಟಿ ಹಂಗೇ ಇಟ್ಟು ದೇವರ ಜಾಗಕ್ಕ ಹುಡುಗಿನ್ನ ತಂದು ಕೂಡಿಸಿದ್ರು. ರೇ ಚಾರ್ಲ್ಸ್ 1954ರಾಗ ಅದನ್ನ ಮಾಡಿ ತೋರಿಸಿದ, ಸ್ಯಾಮ್ ಕುಕ್ ಗಾಸ್ಪೆಲ್ ಅನ್ನೋ ಚರ್ಚ್ ಹಾಡಿನ ತಂಡ ಬಿಟ್ಟು ಪ್ರೇಮಗೀತೆಗೆ ಬಂದ. ನಮ್ಮಲ್ಲಿ ಯಾರೂ ಬೈಯೋದಿಲ್ಲ, ಅಲ್ಲಿ ಚರ್ಚಿನ ಹಿರಿಯರಿಗೆ ಇದು ಪಾಪದ ಕೆಲಸ ಅನಿಸ್ತು. ಆ ಅಳುಕು ಹಾಡಿದೋರ ದನಿಯಾಗೂ ಐತಿ ಅಂತ ನನಗನಿಸ್ತದ, ಒಲವಿನ ಹಾಡೂ ಪ್ರಾರ್ಥನೆ ಮಾಡಿದಂಗ ಕೇಳ್ತೈತಿ.

ಈಗ ಓಟಿಸ್‌ನ ಹಾಡು ತಗದ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಬಗ್ಗೆ ಹೇಳಬೇಕು. ಜಿಮ್ ಸ್ಟೀವರ್ಟ್ ಅಂತ ಒಬ್ಬ ಬಿಳಿಯ, ಬ್ಯಾಂಕಿನಾಗ ನೌಕರಿ, ಪಿಟೀಲು ಬಾರಿಸ್ತಿದ್ದ, 1957ರಾಗ ಸಣ್ಣದೊಂದು ರೆಕಾರ್ಡ್ ಕಂಪನಿ ಹಾಕ್ದ. ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತನ್ನ ಮನಿ ಅಡ ಇಟ್ಟು ರೆಕಾರ್ಡಿಂಗ್ ಮಷಿನ್ ಕೊಡಿಸಿದಳು. 1960ರಾಗ ಮ್ಯಾಕ್‌ಲೆಮೋರ್ ಅವೆನ್ಯೂ ಅನ್ನೋ ರಸ್ತ್ಯಾಗ ಒಂದು ಬಂದ್ ಆದ ಸಿನಿಮಾ ಥಿಯೇಟರ್ ಬಾಡಿಗಿಗೆ ಹಿಡದ್ರು. ಸೀಟು ಕಿತ್ತು ಹಾಕಿದ್ರು, ಆದ್ರ ನೆಲ ಸಮ ಮಾಡಲಿಲ್ಲ, ಟಾಕೀಸಿನ ಇಳಿಜಾರು ಇಳಿಜಾರಾಗೇ ಉಳೀತು, ಎದುರುಬದುರು ಗ್ವಾಡಿ ಸಮ ಇಲ್ಲದ್ದಕ್ಕ ಆ ಕೋಣಿ ದನಿನೇ ಬ್ಯಾರೆ ಆತು. ಮುಂದಗಡೆ ತಿಂಡಿ ಮಾರ್ತಿದ್ದ ಜಾಗದಾಗ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟಳು. ಓಣಿ ಹುಡುಗ್ರು ಅಲ್ಲಿ ಬಂದು ಹಾಡು ಕೇಳ್ತಾ ನಿಲ್ತಿದ್ರು, ಯಾವ ಹಾಡಿಗೆ ಕಾಲು ಕುಣೀತಾವ ಅಂತ ಆಕಿ ನೋಡ್ತಿದ್ದಳು, ಒಳಗ ರೆಕಾರ್ಡ್ ಮಾಡಿದ ಹೊಸ ಹಾಡು ಮೊದಲು ಅವರಿಗೇ ಕೇಳಿಸ್ತಿದ್ದಳು. ಆ ಓಣಿ ಹುಡುಗ್ರಾಗೇ ಒಬ್ಬ ಬೂಕರ್ ಟಿ. ಜೋನ್ಸ್, ಹೈಸ್ಕೂಲ್ ಓದೋ ವಯಸ್ಸಿಗೇ ಆರ್ಗನ್ ಮುಂದ ಕುಂತ. 1961ರಾಗ ಸ್ಟೀವರ್ಟ್ ಮತ್ತ ಆಕ್ಸ್‌ಟನ್ ಇಬ್ಬರ ಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ (St, Ax) ಕೂಡಿಸಿ ಸ್ಟ್ಯಾಕ್ಸ್ ಅಂತ ಹೆಸರಿಟ್ರು.

ಬೂಕರ್ ಟಿ. ಅಂಡ್ ದಿ ಎಂಜೀಸ್ ಅಂದ್ರ ಸ್ಟ್ಯಾಕ್ಸ್‌ನ ಮನೆ ಬ್ಯಾಂಡು. ಆರ್ಗನ್ ಬೂಕರ್, ಡ್ರಮ್ ಅಲ್ ಜಾಕ್ಸನ್, ಇಬ್ಬರೂ ಕಪ್ಪು. ಗಿಟಾರ್ ಸ್ಟೀವ್ ಕ್ರಾಪರ್, ಮುಂದ ಬೇಸ್‌ಗೆ ಬಂದ ಡಕ್ ಡನ್, ಇಬ್ಬರೂ ಬಿಳಿ. ಮೆಂಫಿಸ್‌ನಾಗ ಆಗ ಕಪ್ಪು ಬಿಳಿ ಒಂದೇ ಹೋಟೆಲಿನಾಗ ಕುಂತು ಊಟ ಮಾಡೋದೇ ಕಷ್ಟ ಇತ್ತು, ಇವರು ದಿನಾ ಒಂದೇ ಕೋಣ್ಯಾಗ ಕುಂತು ಸ್ವರದ ಹಾಳೆ ಒಂದೂ ಮುಂದ ಇಲ್ಲದೇ ಹಾಡು ಕಟ್ಟತಿದ್ರು. ಇವರು ಬಾರಿಸಿದ್ದು ಕಡಿಮಿ, ಬಿಟ್ಟಿದ್ದು ಜಾಸ್ತಿ, ಕ್ರಾಪರ್ ಎರಡು ತಂತಿ ಮುಟ್ಟಿ ಸುಮ್ಮನಾಗಿಬಿಡ್ತಾನ. 1965ರಾಗ ವಿಲ್ಸನ್ ಪಿಕೆಟ್ ‘ಇನ್ ದಿ ಮಿಡ್‌ನೈಟ್ ಅವರ್’ ಹಾಡೋವಾಗ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್‌ಲರ್ ಸ್ಟುಡಿಯೋಕ್ಕ ಬಂದು ಹೊಸ ಡ್ಯಾನ್ಸೊಂದು ಕುಣಿದು ತೋರಿಸಿದ, ಅದನ್ನ ನೋಡಿ ಜಾಕ್ಸನ್ ಮತ್ತ ಕ್ರಾಪರ್ ಎರಡನೇ ನಾಲ್ಕನೇ ಪೆಟ್ಟು ಒಂದು ಕೂದಲೆಳಿಯಷ್ಟು ತಡ ಮಾಡಿ ಹೊಡಿಯಾಕ ಶುರು ಮಾಡಿದ್ರು. ಆ ತಡ ಕೇಳಿದೋರಿಗೆ ಉತ್ತರದ ಡೆಟ್ರಾಯ್ಟ್ ಊರಿನ ಮೋಟೌನ್ ಕಂಪನಿ ಹಾಡಿಗೂ ಇದಕ್ಕೂ ಏನು ಫರಕು ಅಂತ ಬಿಡಿಸಿ ಹೇಳೋದು ಬೇಕಾಗಿಲ್ಲ.

ಓಟಿಸ್ ಜಾರ್ಜಿಯಾದ ಮೇಕನ್ ಊರಾಂವ. 1962ರಾಗ ಬ್ಯಾರೆ ಒಬ್ಬ ಗಿಟಾರಿಸ್ಟ್‌ನ ಕಾರು ಓಡಿಸಿಕೊಂಡು ಸ್ಟ್ಯಾಕ್ಸ್‌ಗೆ ಬಂದ, ಆ ಗಿಟಾರಿಸ್ಟ್‌ನ ಕೆಲಸ ಸರಿ ಹೊಂದಲಿಲ್ಲ, ಸ್ವಲ್ಪ ಟೈಮ್ ಉಳೀತು, ಆಗ ಡ್ರೈವರ್ ಹಾಡಿದ. ಅಲ್ಲಿಂದ ಮುಂದ ಅವನಿಗೆ ಸಿಕ್ಕಿದ್ದು ಐದು ವರ್ಷ ಅಷ್ಟ.

ಅಲಬಾಮಾದ ಮಸಲ್ ಶೋಲ್ಸ್ ಕಡೆ ಕಥಿ ಇನ್ನೂ ಬೆರಗಿಂದು. ಅಲ್ಲಿ ರಿಕ್ ಹಾಲ್‌ನ ಫೇಮ್ ಸ್ಟುಡಿಯೋದಾಗ ಬಾರಿಸ್ತಿದ್ದ ಹುಡುಗ್ರು ಬಹುತೇಕ ಬಿಳಿಯರು, ಹಳ್ಳಿ ಕಡೆಯೋರು. 1967ರ ಜನವರಿಗೆ ಅರೀತಾ ಫ್ರಾಂಕ್ಲಿನ್ ಅಲ್ಲಿಗೆ ಬಂದಳು. ಆಕಿ ಹುಟ್ಟಿದ್ದು ಮೆಂಫಿಸ್‌ನಾಗೇ, ಅಪ್ಪ ದೊಡ್ಡ ಪಾದ್ರಿ, ಅಷ್ಟು ವರ್ಷ ಕೊಲಂಬಿಯಾ ಕಂಪನ್ಯಾಗ ಹಾಡಿದ್ರೂ ಆಕಿ ದನಿ ಜನಕ್ಕ ಮುಟ್ಟಿರಲಿಲ್ಲ. ಇಲ್ಲಿ ಪಿಯಾನೋ ಮುಂದ ಕುಂತು ‘ಐ ನೆವರ್ ಲವ್ಡ್ ಎ ಮ್ಯಾನ್’ ಹಾಡಿದಳು. ಆ ದಿನಾನೇ ಜಗಳ ಆಗಿ ಆಕಿ ಊರು ಬಿಟ್ಟು ಹೋದಳು, ಆದ್ರ ಆ ಒಂದು ಹಾಡು ಸಾಕಾತು, ಆಮ್ಯಾಲ ಅದೇ ಅಲಬಾಮಾ ಹುಡುಗ್ರನ್ನ ನ್ಯೂಯಾರ್ಕಿಗೆ ಕರಿಸಿಕೊಂಡು ಉಳಿದಿದ್ದು ಮಾಡಿದ್ರು.

ಇಷ್ಟು ಏರಿದ್ದು ಇಳಿದಿದ್ದು ಹೆಂಗ? ಬಾಳ ಮಂದಿ ಡಿಸ್ಕೋ ಬಂತು, ಸೋಲ್ ಹೋತು ಅಂತ ಒಂದು ಮಾತಿನಾಗ ಮುಗಿಸ್ತಾರ. ನಾನು ಒಪ್ಪೋದಿಲ್ಲ. ಡಿಸ್ಕೋ ಬರೋಕಿಂತ ಮೊದಲೇ ಬುಡಕ್ಕ ಪೆಟ್ಟು ಬಿದ್ದಿತ್ತು, ಆ ಪೆಟ್ಟು ಬಿದ್ದಿದ್ದು ಕಾಗದದಾಗ.

1967ರ ಡಿಸೆಂಬರ್ 10ಕ್ಕ ಓಟಿಸ್ ಹೊಂಟಿದ್ದ ಸಣ್ಣ ವಿಮಾನ ವಿಸ್ಕಾನ್ಸಿನ್‌ನ ಮನೋನಾ ಕೆರ್ಯಾಗ ಬಿತ್ತು. ಓಟಿಸ್‌ಗೆ 26 ವರ್ಷ. ಜೊತಿಗೆ ಬಾರ್-ಕೇಸ್ ಬ್ಯಾಂಡಿನ ಹುಡುಗ್ರೂ ಹೋದ್ರು, ಅವರಿನ್ನೂ ಮೀಸಿ ಮೂಡೋ ವಯಸ್ಸಿನೋರು. ಕೆಲವೇ ದಿನ ಮೊದಲು ರೆಕಾರ್ಡ್ ಮಾಡಿದ್ದ ‘ಡಾಕ್ ಆಫ್ ದಿ ಬೇ’ ಹಾಡನ್ನ ಕ್ರಾಪರ್ ಆ ದುಃಖದಾಗೇ ಕುಂತು ಮಿಕ್ಸ್ ಮಾಡಿದ, 1968ರಾಗ ಅದು ನಂಬರ್ ಒನ್ ಆತು. ಅದೇ ಹೊತ್ತಿಗೆ ಅಟ್ಲಾಂಟಿಕ್ ಕಂಪನಿ ವಾರ್ನರ್‌ಗೆ ಮಾರಾಟ ಆಗಿತ್ತು. ಸ್ಟ್ಯಾಕ್ಸ್ ಹಾಡನ್ನ ದೇಶದ ತುಂಬ ಹಂಚ್ತಿದ್ದಿದ್ದು ಅಟ್ಲಾಂಟಿಕ್, ಮೊದಲು ಬರೇ ಬಾಯಿಮಾತಿನ ವ್ಯವಹಾರ, 1965ರಾಗ ಕರಾರುಪತ್ರ ಆತು. ಜಿಮ್ ಸ್ಟೀವರ್ಟ್ ಅದನ್ನ ಪೂರ್ತಿ ಓದದೇ ಸಹಿ ಹಾಕಿದ್ದ. ಈಗ ತಗದು ನೋಡಿದ್ರ, ಅಟ್ಲಾಂಟಿಕ್ ಹಂಚಿದ ಅಷ್ಟೂ ಹಾಡಿನ ಮಾಸ್ಟರ್ ಟೇಪ್, ಅಂದ್ರ ಮೂಲ ರೆಕಾರ್ಡಿಂಗ್, ಅಟ್ಲಾಂಟಿಕ್‌ಗೇ ಸೇರಿದ್ದು ಅಂತ ಬರದೈತಿ! ಮನಿ ಅಡ ಇಟ್ಟು ತಂದ ಮಷಿನ್, ಆ ಇಳಿಜಾರು ನೆಲ, ಓಟಿಸ್‌ನ ಗಂಟಲು, ಎಲ್ಲಾ ಒಂದು ಕಲಮಿನಾಗ ಕೈಬಿಟ್ಟು ಹೋತು. ಸ್ಟ್ಯಾಕ್ಸ್‌ನಾಗ ಹಾಡ್ತಿದ್ದ ಸ್ಯಾಮ್ ಅಂಡ್ ಡೇವ್ ಜೋಡಿನೂ ಕಾಗದದ ಪ್ರಕಾರ ಅಟ್ಲಾಂಟಿಕ್ ಕಡೆಯೋರು, ಅವರೂ ಹೋದ್ರು. ದಿನಾ ಪಟ್ಟಿ ಬರಿಯೋ ನನಗ ಇದನ್ನ ಓದಿದಾಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆತು. ರೈತ ಪಟ್ಟಿ ಓದದೇ ಸಹಿ ಮಾಡಾಕ ಹೊಂಟ್ರ ಈಗ್ಲೂ ನಾನು ಕೈ ಹಿಡದು ನಿಲ್ಲಿಸ್ತೀನಿ, ಕುಂದ್ರಿಸಿ ಓದಿ ಹೇಳ್ತೀನಿ.

ಅದರ ಬೆನ್ನಿಗೇ 1968ರ ಏಪ್ರಿಲ್ 4. ಕಸ ಎತ್ತೋ ಕಾರ್ಮಿಕರ ಮುಷ್ಕರಕ್ಕ ಬೆಂಬಲ ಕೊಡಾಕ ಮೆಂಫಿಸ್‌ಗೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್‌ಗೆ ಲೊರೇನ್ ಮೋಟೆಲ್ ಬಾಲ್ಕನ್ಯಾಗ ಗುಂಡು ಹೊಡದ್ರು. ಸ್ಟ್ಯಾಕ್ಸ್‌ನ ಕಪ್ಪು ಬಿಳಿ ಮಂದಿ ಕೂಡಿ ಕುಂತು ಹಾಡು ಬರೀತಿದ್ದ ಜಾಗಾನೂ ಅದೇ ಲೊರೇನ್. ಕ್ರಾಪರ್ ಮತ್ತ ಎಡ್ಡಿ ಫ್ಲಾಯ್ಡ್ ‘ನಾಕ್ ಆನ್ ವುಡ್’ ಬರದಿದ್ದು ಅಲ್ಲೇ. ಆ ದಿನದ ಮ್ಯಾಲ ಆ ಕೋಣ್ಯಾಗಿನ ಸಲಿಗಿ ಮೊದಲಿನಂಗ ಉಳೀಲಿಲ್ಲ ಅಂತ ಅಲ್ಲಿದ್ದೋರೇ ಹೇಳ್ಯಾರ.

ಆದ್ರೂ ಸ್ಟ್ಯಾಕ್ಸ್ ಎದ್ದು ನಿಂತಿತ್ರೀ, ಇದನ್ನ ಮರೀಬಾರದು. ಅಲ್ ಬೆಲ್ ಅನ್ನೋ ಕಪ್ಪು ಯಜಮಾನ ಮುಂದಾಳತ್ವ ವಹಿಸಿ 1969ರಾಗ ಒಮ್ಮೆಲೇ 27 ಆಲ್ಬಂ ತಗದ. ಐಸಾಕ್ ಹೇಯ್ಸ್ ಬೆಳದ, ‘ಶಾಫ್ಟ್’ ಸಿನಿಮಾದ ಹಾಡಿಗೆ ಆಸ್ಕರ್ ತಂದ. 1972ರ ಆಗಸ್ಟ್‌ನಾಗ ಲಾಸ್ ಏಂಜಲಿಸ್‌ನ ಸ್ಟೇಡಿಯಂನಾಗ ವಾಟ್‌ಸ್ಟ್ಯಾಕ್ಸ್ ಅನ್ನೋ ದೊಡ್ಡ ಹಾಡಿನ ಕಾರ್ಯಕ್ರಮ ಮಾಡಿದ್ರು, ಟಿಕೆಟ್ ಒಂದೇ ಡಾಲರ್, ಲಕ್ಷದಷ್ಟು ಜನ. ಅದೇ ವರ್ಷ ಸಿಬಿಎಸ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿ ಜೊತಿ ಹಾಡು ಹಂಚೋ ಹೊಸ ಕರಾರು ಮಾಡಿಕೊಂಡ್ರು, ಅಲ್ಲಿ ಒಳಗಿನ ಯಜಮಾನ್ರು ಬದಲಾದ ಮ್ಯಾಲ ರೆಕಾರ್ಡ್ ಅಂಗಡಿಗೆ ಮುಟ್ಟೋದೇ ಕಡಿಮಿ ಆತು, ಇತ್ತ ಬ್ಯಾಂಕ್ ಸಾಲ ಏರ್ತಾ ಹೋತು. ಮತ್ತ ಕಾಗದಾನೇ ನೋಡ್ರಿ. 1975ರ ಡಿಸೆಂಬರ್‌ಗೆ ದಿವಾಳಿ ಅಂತ ಬಾಗಿಲಿಗೆ ಬೀಗ ಬಿತ್ತು, ಜಿಮ್ ಸ್ಟೀವರ್ಟ್ ಹಾಕಿದ್ದ ಸ್ವಂತ ದುಡ್ಡೂ ಮುಳುಗ್ತು. ಅದೇ ವರ್ಷ ಅಕ್ಟೋಬರ್‌ನಾಗ ಅಲ್ ಜಾಕ್ಸನ್‌ನ ಅವನ ಮನ್ಯಾಗೇ ಯಾರೋ ಗುಂಡಿಟ್ಟು ಕೊಂದಿದ್ರು. ಟಿಕ್ ಟಿಕ್ ಅನಿಸಿದ ಆ ಕೈ. 1989ರಾಗ ಥಿಯೇಟರ್ ಕಟ್ಟಡಾನೂ ಕೆಡವಿದ್ರು, 2003ರಾಗ ಅದೇ ಜಾಗದಾಗ ಹಳೇದರಂಗ ಕಟ್ಟಿ ಮ್ಯೂಸಿಯಂ ಮಾಡ್ಯಾರ.

ಊರ ಇನ್ನೊಂದು ಕಡೆ ಹೈ ರೆಕಾರ್ಡ್ಸ್ ಕಂಪನ್ಯಾಗ ಹಾಡು ತಯಾರಿಸೋ ವಿಲ್ಲಿ ಮಿಚೆಲ್ ಮತ್ತ ಹಾಡುಗಾರ ಅಲ್ ಗ್ರೀನ್ ಜೋಡಿ 70ರ ದಶಕದ ಮೊದಲರ್ಧ ಆಳಿತು, ‘ಲೆಟ್ಸ್ ಸ್ಟೇ ಟುಗೆದರ್’ ಕೇಳದೋರು ಯಾರು. ಅಲ್ ಗ್ರೀನ್ 1976ರಾಗ ಮೆಂಫಿಸ್‌ನಾಗ ಚರ್ಚ್ ಕೊಂಡು ಪಾದ್ರಿ ಆದ, ಹಾಡು ಬಂದ ದಾರಿ ಹಿಡದೇ ವಾಪಸ್ ಹೋತು. ಸ್ಟ್ಯಾಕ್ಸ್‌ನಾಗಿದ್ದ ಜಾನಿ ಟೇಲರ್ ಕೊಲಂಬಿಯಾಕ್ಕ ಹೋಗಿ ‘ಡಿಸ್ಕೋ ಲೇಡಿ’ ಅಂತ ಹಾಡಿ ನಂಬರ್ ಒನ್ ಆದ, ಅದೂ 1976ರಾಗೇ.

ಆಮ್ಯಾಲೂ ಉಳಿಸಿಕೊಂಡೋರು ಮಲಾಕೋದೋರು, ಮಿಸಿಸಿಪ್ಪಿಯ ಜಾಕ್ಸನ್ ಊರಾಗಿನ ಸಣ್ಣ ಕಂಪನಿ. ದೊಡ್ಡ ಕಂಪನಿ ಬ್ಯಾಡ ಅಂತ ಬಿಟ್ಟ ಹಾಡುಗಾರರನ್ನ, ಬಾಬಿ ಬ್ಲಾಂಡ್, ಡೆನಿಸ್ ಲಸಾಲ್, ಅದೇ ಜಾನಿ ಟೇಲರ್, ಎಲ್ಲರನ್ನೂ ಕರದು ಹಾಡಿಸಿದ್ರು. ಜ಼ೀ ಜ಼ೀ ಹಿಲ್‌ನ 1982ರ ‘ಡೌನ್ ಹೋಮ್’ ಆಲ್ಬಂ ಹತ್ತತ್ರ ಎರಡು ವರ್ಷ ಬಿಲ್‌ಬೋರ್ಡ್ ಪತ್ರಿಕಿಯ ಸೋಲ್ ಪಟ್ಟಿಯಾಗ ಇತ್ತು, ಕೇಳಿದೋರು ದಕ್ಷಿಣದ ಸಣ್ಣ ಊರಿನ ದುಡಿಯೋ ಮಂದಿ, ನ್ಯೂಯಾರ್ಕಿನ ಪತ್ರಿಕಿಯೋರು ತಿರುಗಿ ನೋಡಿದ್ರೋ ಬಿಟ್ರೋ ಅವರಿಗೇನು. 2011ರ ಏಪ್ರಿಲ್‌ನಾಗ ಸುಂಟರಗಾಳಿ ಬಂದು ಮಲಾಕೋ ಕಟ್ಟಡ ಪುಡಿ ಪುಡಿ ಆತು. ಆದ್ರ ಮಾಸ್ಟರ್ ಟೇಪ್ ಎಲ್ಲ ಕಾಂಕ್ರೀಟ್ ಕೋಣ್ಯಾಗ ಇಟ್ಟಿದ್ರು, ಒಳಗಿದ್ದಿದ್ದು ಉಳೀತು, ಅವರದ್ದೇ ಹೆಸರಿನ್ಯಾಗ ಉಳೀತು, ಅದೇ ಜಾಗದಾಗ ಮತ್ತ ಸ್ಟುಡಿಯೋ ಕಟ್ಟಿಕೊಂಡ್ರು.